ಡ್ರಾಯರ್ ಚಾನೆಲ್‌ನಿಂದಲೇ ಸಿಎನ್‌ಸಿ ಮಷೀನ್! ಕಡಿಮೆ ಖರ್ಚಲ್ಲಿ ಮಾಡೋದು ಹೇಗೆ?

ನೇಮ್ ಬೋರ್ಡ್ ಕೆತ್ತೋದು, ಪ್ಲೈವುಡ್‌ನಲ್ಲಿ ಅಕ್ಷರ ಕತ್ತರಿಸೋದು ಈಗ ಸಿಎನ್‌ಸಿ ಕೆಲಸ. ಆದ್ರೆ ದೊಡ್ಡ ಮಷೀನ್ ಅಂದ್ರೆ ಲಕ್ಷದ ಮಾತು. ಸಾಲ ಮಾಡಿ ತಂದು, ಕೆಲಸ ಗೊತ್ತಾಗದೆ ಮೂಲೆ ಸೇರಿದ್ರೂ ಕಂತು ಮಾತ್ರ ತಪ್ಪಲ್ಲ. ಐಟಿಐ, ಡಿಪ್ಲೊಮಾ ಹುಡುಗರು, ಬಡಗಿಗಳು ಮೊದಲು ಸಣ್ಣದೊಂದನ್ನು ತಾವೇ ಜೋಡಿಸಿ ಕಲಿಯೋದು ಜಾಣತನ.

ಚಾನೆಲ್ ಯಾಕೆ?
ಸಿಎನ್‌ಸಿಯಲ್ಲಿ ಕಟರ್ ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ನೇರವಾಗಿ ಜಾರಬೇಕು. ಇದಕ್ಕೆ ಹಾಕುವ ರೈಲು ದುಬಾರಿ. ಅದರ ಬದಲು ಮೇಜಿನ ಡ್ರಾಯರ್‌ಗೆ ಹಾಕುವ, ಒಳಗೆ ಬಾಲ್ ಇರುವ 45 ಮಿ.ಮೀ. ಟೆಲಿಸ್ಕೋಪಿಕ್ ಚಾನೆಲ್ ಬಳಸಬಹುದು. ಅಂಗಡಿಯಲ್ಲೇ ಎಳೆದು ಅಲ್ಲಾಡಿಸಿ ನೋಡಿ, ಪಕ್ಕಕ್ಕೆ ಅಳ್ಳಾಡುವುದು ಬೇಡ. ಸಾಫ್ಟ್ ಕ್ಲೋಸ್ ಚಾನೆಲ್ ಕೂಡ ಬೇಡ. ಅದರ ಸ್ಪ್ರಿಂಗ್ ಕೊನೆಯಲ್ಲಿ ತಾನೇ ಎಳೆಯುತ್ತದೆ.

ಜೋಡಣೆ
ಡ್ರಾಯರ್‌ಗೆ ಹಾಕಿದಂತೆಯೇ ಎರಡೂ ಬದಿಗೆ ನಿಲ್ಲಿಸಿ ಸ್ಕ್ರೂ ಹಾಕಿ. ಚಪ್ಪಟೆಯಾಗಿ ಮಲಗಿಸಿದರೆ ಭಾರಕ್ಕೆ ಬಾಗುತ್ತದೆ. ಪೂರ್ತಿ ಎಳೆದಾಗಲೂ ತುದಿ ಇಳಿಯುತ್ತದೆ. ಹಾಗಾಗಿ 16 ಇಂಚಿನ ಚಾನೆಲ್ ತಂದು ಸುಮಾರು 8 ಇಂಚು ಓಡಾಟವನ್ನಷ್ಟೇ ಬಳಸಿ. ಎರಡು ಚಾನೆಲ್ ಸಮಾನಾಂತರವಾಗಿ ಇಲ್ಲದಿದ್ದರೆ ಮಧ್ಯದಲ್ಲಿ ಬಿಗಿಯುತ್ತದೆ. ಮೂಲೆಮಟ್ಟ ಇಟ್ಟು ನೋಡಿಯೇ ಬಿಗಿ ಮಾಡಿ.

ಮೋಟರ್ ಮತ್ತು ಲೆಕ್ಕ
ಆರ್ಡುಯಿನೊ ಉನೊ, ಸಿಎನ್‌ಸಿ ಶೀಲ್ಡ್, ಮೂರು ಡ್ರೈವರ್, ಮೂರು ನೆಮಾ 17 ಸ್ಟೆಪ್ಪರ್ ಮೋಟರ್, 12 ವೋಲ್ಟ್ ಪವರ್ ಸಪ್ಲೈ ಬೇಕು. ಇದನ್ನು ನಡೆಸುವ ಜಿಆರ್‌ಬಿಎಲ್ ಸಾಫ್ಟ್‌ವೇರ್ ಉಚಿತ. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್‌ನಲ್ಲಿ 16 ಭಾಗ ಮಾಡಿದರೆ 3200. ಎಂ8 ಥ್ರೆಡ್ ರಾಡ್ ಒಂದು ಸುತ್ತಿಗೆ 1.25 ಮಿ.ಮೀ. ಸರಿಯುತ್ತದೆ. ಅಂದ್ರೆ ಒಂದು ಮಿ.ಮೀ.ಗೆ 3200 ÷ 1.25 = 2560 ಹೆಜ್ಜೆ. ಈ ಸಂಖ್ಯೆಯನ್ನು ಜಿಆರ್‌ಬಿಎಲ್‌ನ 100, 101, 102ನೇ ಸೆಟ್ಟಿಂಗ್‌ಗೆ ಹಾಕಬೇಕು.

ಮೊದಲು ಪೆನ್ನು, ಆಮೇಲೆ ಕಟರ್
ಕಟರ್ ಬದಲು ಪೆನ್ನು ಕಟ್ಟಿ 100 ಮಿ.ಮೀ. ಚೌಕ ಬರೆಸಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಸುಮಾರು 141.4 ಮಿ.ಮೀ. ಬಂದರೆ ಜೋಡಣೆ ಸರಿ ಇದೆ. ವೃತ್ತ ಬರೆಸಿದಾಗ ಸೊಟ್ಟಗಾದರೆ ನಟ್ ಸಡಿಲ ಇರಬಹುದು. ಎರಡು ನಟ್ ನಡುವೆ ಸ್ಪ್ರಿಂಗ್ ಇಟ್ಟರೆ ಆ ಸಡಿಲ ಕಡಿಮೆಯಾಗುತ್ತದೆ.

ಥರ್ಮೋಕೋಲ್, ಮೆದು ಮರ, ತೆಳು ಪ್ಲೈವುಡ್‌ಗೆ ಇದು ಸಾಕು. ಅದೂ ಒಂದೊಂದು ಮಿ.ಮೀ. ಆಳದಂತೆ ನಿಧಾನಕ್ಕೆ. ಕಬ್ಬಿಣಕ್ಕೆ ಕೈ ಹಾಕಬೇಡಿ.

ಗಮನಿಸಿ: ಕರೆಂಟ್ ಇರುವಾಗ ಮೋಟರ್ ವೈರ್ ಕಿತ್ತರೆ ಡ್ರೈವರ್ ಸುಟ್ಟುಹೋಗಬಹುದು. ಕನ್ನಡಕ, ಮಾಸ್ಕ್ ಇಲ್ಲದೆ ಕಟರ್ ಆನ್ ಮಾಡಬೇಡಿ. ಕೈಗೆ ಸಿಗುವಲ್ಲೇ ಆಫ್ ಸ್ವಿಚ್ ಇರಲಿ.

ಇದರಲ್ಲಿ ಕೈ ಪಳಗಿದ ಮೇಲೆ ದೊಡ್ಡ ಮಷೀನ್ ಬೇಕೋ ಬೇಡವೋ ಅನ್ನೋದು ನಿಮಗೇ ತಿಳಿಯುತ್ತದೆ.