ಹವಾಯಿ ಸಂಸ್ಥಾನದ ಜನರು

ಅಮೆರಿಕಾ ದೇಶವನ್ನು ಕುರಿತು ಮಾತು ಬಂದಾಗ ಬಿಳಿಯರು, ಕಪ್ಪುಜನರು ಎಂಬ ಎರಡೇ ವರ್ಗಗಳು ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುವು. ಆ ದೇಶದ ಐವತ್ತು ಸಂಸ್ಥಾನಗಳಲ್ಲಿ ಒಂದಕ್ಕಂತೂ ಈ ಲೆಕ್ಕವು ಎಳ್ಳಷ್ಟೂ ಹೊಂದದು. ಶಾಂತಸಾಗರದ ನಡುವೆ, ಕ್ಯಾಲಿಫೋರ್ನಿಯಾದ ತೀರದಿಂದ ಸುಮಾರು 2,400 ಮೈಲಿ ದೂರದಲ್ಲಿರುವ ಹವಾಯಿ ದ್ವೀಪಗಳೇ ಆ ಸಂಸ್ಥಾನ. 2020ನೆಯ ಇಸವಿಯ ಖಾನೇಷುಮಾರಿಯಂತೆ ಅಲ್ಲಿಯ ಜನಸಂಖ್ಯೆ 14,55,271. ಇವರಲ್ಲಿ ಏಷ್ಯಾ ಮೂಲದವರೆಂದು ಮಾತ್ರ ಬರೆಯಿಸಿದವರು ನೂರಕ್ಕೆ ಸುಮಾರು 37. ಬಿಳಿಯರು ಸುಮಾರು 23. ಹವಾಯಿಯ ಮೂಲನಿವಾಸಿಗಳೂ ಇತರ ಶಾಂತಸಾಗರ ದ್ವೀಪಗಳವರೂ ಕೂಡಿ ಸುಮಾರು 11. ಆಫ್ರಿಕಾ ಮೂಲದವರು ಇಬ್ಬರಿಗಿಂತ ಕಡಮೆ. ನೂರಕ್ಕೆ 25 ಮಂದಿ ತಾವು ಒಂದಕ್ಕಿಂತ ಹೆಚ್ಚು ಜನಾಂಗಗಳಿಗೆ ಸೇರಿದವರೆಂದು ಬರೆಯಿಸಿದರು. ಯಾವ ಜನಾಂಗಕ್ಕೂ ಅರ್ಧದಷ್ಟು ಪಾಲಿಲ್ಲ.

ಇದು ಹೀಗಾದುದು ಹೇಗೆ? ಕಥೆಯ ಮೊದಲ ಭಾಗವು ದುಃಖಕರವಾದುದು. 1778ರಲ್ಲಿ ಇಂಗ್ಲೀಷರ ನಾವಿಕ ಜೇಮ್ಸ್ ಕುಕ್ ಅಲ್ಲಿಗೆ ಹೋದಾಗ ದ್ವೀಪಗಳಲ್ಲಿದ್ದವರು ಮೂರು ಲಕ್ಷವೆಂದು ಕೆಲವರೂ, ಅದಕ್ಕಿಂತ ಬಹಳ ಹೆಚ್ಚೆಂದು ಕೆಲವರೂ ಅಂದಾಜುಮಾಡಿರುವರು. 1853ರ ಗಣತಿಯ ಹೊತ್ತಿಗೆ ಉಳಿದ ಮೂಲನಿವಾಸಿಗಳು ಸುಮಾರು 71,000 ಮಾತ್ರ. ಯುದ್ಧಕ್ಕಿಂತ ಹೆಚ್ಚಾಗಿ ಇವರನ್ನು ನುಂಗಿದುದು ಹಡಗುಗಳಲ್ಲಿ ಬಂದಿಳಿದ ರೋಗಗಳು. ದಡಾರ, ಸಿಡುಬು ಮುಂತಾದ ಬೇನೆಗಳನ್ನು ಆ ಜನರ ಶರೀರವು ಎಂದೂ ಕಂಡುದಿಲ್ಲ. 1824ರಲ್ಲಿ ಇಂಗ್ಲೆಂಡಿನ ದೊರೆಯನ್ನು ಕಾಣಲು ಲಂಡನ್ನಿಗೆ ಹೋದ ಅವರ ಅರಸ ಎರಡನೆಯ ಕಮೆಹಮೆಹ ಮತ್ತು ರಾಣಿ ಕಮಾಮಲು ಇಬ್ಬರೂ ದಡಾರದಿಂದ ಅಲ್ಲಿಯೇ ತೀರಿಹೋದರು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಬಂದು ಹೋಗುವ ಬೇನೆಯೆಂದು ನಾವು ಎಣಿಸುವ ರೋಗವಿದು!

ಎರಡನೆಯ ಭಾಗವು ಸಕ್ಕರೆಯದು. 1875ರ ಒಪ್ಪಂದದಿಂದ ಹವಾಯಿಯ ಸಕ್ಕರೆಗೆ ಅಮೆರಿಕಾದಲ್ಲಿ ಸುಂಕವಿಲ್ಲದಂತಾಯಿತು. ಕಬ್ಬಿನ ತೋಟಗಳು ಬೆಟ್ಟದ ಬುಡದಿಂದ ಕಡಲಿನ ವರೆಗೂ ಹಬ್ಬಿದುವು. ಆಳುಗಳು ಸಾಲದೆ ಹೋದರು. ಚೀನೀಯರು 1852ರಿಂದಲೇ ಕರಾರಿನ ಮೇಲೆ ಬರುತ್ತಿದ್ದರು. 1878ರಿಂದ ಮದೀರಾ ಮತ್ತು ಅಜೋರ್ಸ್ ದ್ವೀಪಗಳ ಪೋರ್ಚುಗೀಸರೂ, 1885ರಿಂದ ಜಪಾನೀಯರು ದೊಡ್ಡ ಗುಂಪುಗಳಲ್ಲಿಯೂ ಬಂದರು. 1900ರಲ್ಲಿ ಪೋರ್ಟೋರಿಕೋದವರು, 1903ರಲ್ಲಿ ಕೊರಿಯಾದವರು, 1906ರಲ್ಲಿ ಫಿಲಿಪೈನ್ಸಿನವರು. ಹೀಗೆ ಬೇರೆ ಬೇರೆ ದೇಶದವರನ್ನು ತರಿಸಿದುದು ಆಳಿನ ಅಭಾವಕ್ಕಾಗಿ ಮಾತ್ರವಲ್ಲ. ಒಂದೇ ಮಾತಿನವರು ಹೆಚ್ಚಾದರೆ ಒಗ್ಗಟ್ಟಾಗಿ ಕೂಲಿ ಹೆಚ್ಚಿಸಿರೆಂದು ಕೇಳುವರೆಂಬ ಭಯವು ತೋಟದ ಧಣಿಗಳಿಗೆ ಇದ್ದಿತು. ಆದುದರಿಂದ ಒಬ್ಬೊಬ್ಬರಿಗೆ ಒಂದೊಂದು ಕೇರಿ, ಒಂದೊಂದು ಬಗೆಯ ಕೂಲಿ. 1909ರ ಸುಮಾರಿನಲ್ಲಿ ಪೋರ್ಚುಗೀಸನಿಗೆ ತಿಂಗಳಿಗೆ 22 ಡಾಲರಿಗೂ ಮೇಲ್ಪಟ್ಟು ಸಿಕ್ಕುತ್ತಿದ್ದ ಕೆಲಸಕ್ಕೆ ಜಪಾನೀಯನಿಗೆ ಸಿಕ್ಕುತ್ತಿದ್ದುದು 18 ಡಾಲರು. ಆಳಿನ ಹೆಸರನ್ನು ಹಿಡಿದು ಕರೆಯುವವರೇ ಇಲ್ಲ. 'ಬ್ಯಾಂಗೋ' ಎಂಬ ಲೋಹದ ಬಿಲ್ಲೆಯ ಮೇಲಿನ ಅಂಕವೇ ಅವನ ಹೆಸರು.

ಹೆಂಗಸರ ಕಥೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಬ್ರಹ್ಮಚಾರಿಗಳಾಗಿ ಹೋದ ಜಪಾನೀ ಮತ್ತು ಕೊರಿಯಾ ಕೂಲಿಗಾರರು ಊರಿಗೆ ತಮ್ಮ ಭಾವಚಿತ್ರಗಳನ್ನು ಕಳುಹಿಸುತ್ತಿದ್ದರು. ಹಿರಿಯರು ಚಿತ್ರವನ್ನು ನೋಡಿ ಸಂಬಂಧ ಕುದುರಿಸುತ್ತಿದ್ದರು. ವರನಿಲ್ಲದೆಯೇ ವಿವಾಹವಾಗಿ, ಕೈಯಲ್ಲಿ ಚಿತ್ರವೊಂದನ್ನು ಹಿಡಿದು ಸಾವಿರಾರು ಮಂದಿ ಕನ್ಯೆಯರು ಹೊನೊಲುಲು ರೇವಿನಲ್ಲಿ ಇಳಿದರು. ಚಿತ್ರವು ಹತ್ತು ವರ್ಷ ಹಿಂದಿನದಾಗಿದ್ದುದೂ ಉಂಟು. ಇಳಿದವಳು ಹಿಂದಿರುಗುವುದಾದರೂ ಹೇಗೆ? ಮರುದಿನದಿಂದ ಕಬ್ಬಿನ ಗದ್ದೆಯಲ್ಲಿ ಕಳೆ ಕೀಳಬೇಕು, ಒಂಟಿ ಆಳುಗಳ ಬಟ್ಟೆಯನ್ನು ಒಗೆದು ನಾಲ್ಕು ಕಾಸು ಸಂಪಾದಿಸಬೇಕು. ಈ ತಾಯಂದಿರ ಮಕ್ಕಳೇ ಶಾಲೆಯ ಬಯಲಿನಲ್ಲಿ ಒಂದಾದರು. ಹವಾಯಿ, ಪೋರ್ಚುಗೀಸ್, ಚೀನೀ, ಜಪಾನೀ ಮಾತುಗಳೆಲ್ಲ ಬೆರೆತ ಒಂದು ಇಂಗ್ಲೀಷು ಅವರ ಬಾಯಲ್ಲಿ ಹುಟ್ಟಿತು. ಇಂದಿಗೂ ಅದನ್ನು ಅಲ್ಲಿ ಆಡುವರು. ಪೋರ್ಚುಗೀಸರು ತಂದ ಚಿಕ್ಕ ತಂತಿವಾದ್ಯವೇ ಲೋಕಪ್ರಸಿದ್ಧವಾದ 'ಯುಕುಲೇಲೆ' ಆಯಿತು. ಧಣಿಗಳು ಹೆದರಿದ್ದ ಒಗ್ಗಟ್ಟು ಕಡೆಗೂ ಬಂದೇ ಬಂದಿತು: 1946ರಲ್ಲಿ ಎಲ್ಲ ಜನಾಂಗದ ಕೂಲಿಗಾರರೂ ಕೂಡಿ 79 ದಿನ ಕೆಲಸ ನಿಲ್ಲಿಸಿದರು. ಆ ತೋಟಗಳಲ್ಲಿ ಕಟ್ಟಕಡೆಯದು 2016ರಲ್ಲಿ ಮುಚ್ಚಿತು.

1941ರಲ್ಲಿ ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದಾಗ ಹವಾಯಿಯ ಜನರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಜಪಾನೀ ಮೂಲದವರು. ಅಮೆರಿಕಾದ ಪಶ್ಚಿಮ ತೀರದಲ್ಲಿ ಇಂತಹ ಒಂದು ಲಕ್ಷಕ್ಕೂ ಮೇಲ್ಪಟ್ಟ ಜನರನ್ನು ಮನೆಮಾರು ಬಿಡಿಸಿ ಶಿಬಿರಗಳಿಗೆ ಅಟ್ಟಿದರು. ಹವಾಯಿಯಲ್ಲಿ ಸೆರೆಗೆ ಹೋದವರು ನೂರಕ್ಕೆ ಇಬ್ಬರನ್ನೂ ಮೀರಲಿಲ್ಲ. ಎಲ್ಲರನ್ನೂ ಹಿಡಿದಿದ್ದರೆ ಅಲ್ಲಿ ಬಡಗಿ ಕೆಲಸದಿಂದ ಹಿಡಿದು ರೇವಿನ ಕೆಲಸದ ವರೆಗೆ ಯಾವುದೂ ನಡೆಯುತ್ತಿರಲಿಲ್ಲ. ಸಂಖ್ಯೆಯೇ ಅವರನ್ನು ಕಾಯಿತೆಂದು ನಮಗೆ ತೋರುವುದು.

ಎಣಿಸುವವರ ರೀತಿಯೂ ವಿಚಿತ್ರವಾದುದು. 1930ರ ವರೆಗೆ ಹವಾಯಿಯ ಖಾನೇಷುಮಾರಿಯಲ್ಲಿ ಪೋರ್ಚುಗೀಸರಿಗೆ ಒಂದು ಪಂಕ್ತಿ, 'ಇತರ ಬಿಳಿಯರಿಗೆ' ಇನ್ನೊಂದು! ಯೂರೋಪಿನವರೇ ಆದರೂ ಗದ್ದೆಯಲ್ಲಿ ದುಡಿದವರಾದುದರಿಂದ ಅವರು ಪೂರ್ತಿ ಬಿಳಿಯರಾಗಲಿಲ್ಲ. ಒಬ್ಬನೇ ಮನುಷ್ಯನು ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಬರೆಯಿಸಬಹುದೆಂಬ ಅನುಮತಿಯು ಅಮೆರಿಕಾದ ಖಾನೇಷುಮಾರಿಯಲ್ಲಿ ಬಂದುದು 2000ದಲ್ಲಿ. ಹವಾಯಿಯ ಅಜ್ಜಿಯರಿಗೆ ಇದು ಹೊಸ ಸಂಗತಿಯೇನೂ ಆಗಿರಲಾರದು.

ಈಗ ಮೂಲನಿವಾಸಿಗಳ ಮಾತಿಗೆ ಹಿಂದಿರುಗೋಣ. 1893ರಲ್ಲಿ ಅವರ ರಾಣಿ ಲಿಲಿಉಒಕಲಾನಿಯನ್ನು ಪದಚ್ಯುತಗೊಳಿಸಿದರು. 1898ರಲ್ಲಿ ದೇಶವು ಅಮೆರಿಕಾಕ್ಕೆ ಸೇರಿತು. 1959ರಲ್ಲಿ ಐವತ್ತನೆಯ ಸಂಸ್ಥಾನವಾಯಿತು. 1896ರ ಕಾಯಿದೆಯಿಂದ ಶಾಲೆಗಳ ಭಾಷೆ ಇಂಗ್ಲೀಷಾಗಿ ಹವಾಯಿ ಭಾಷೆಯು ಮಕ್ಕಳ ಬಾಯಿಂದ ಮರೆಯಾಗುತ್ತ ಬಂದಿತು. 1978ರಲ್ಲಿ ಅದಕ್ಕೆ ಸಂಸ್ಥಾನದ ಭಾಷೆಯೆಂಬ ಮನ್ನಣೆ ಬಂದಿತು. 1984ರಲ್ಲಿ ಆ ಭಾಷೆಯಲ್ಲಿಯೇ ನಡೆಯುವ ಶಿಶುಶಾಲೆಗಳು ಆರಂಭವಾದುವು.

ನೆಲದ ವಿಷಯವು ಮಾತ್ರ ಇಷ್ಟು ಸುಲಭವಾಗಿ ಸರಿಹೋಗಲಿಲ್ಲ. 1921ರಲ್ಲಿ ರಾಜವಂಶದ ಕುಹಿಯೋ ಎಂಬವರ ಪ್ರಯತ್ನದಿಂದ ಸುಮಾರು ಎರಡು ಲಕ್ಷ ಎಕರೆ ಭೂಮಿಯನ್ನು ಮೂಲನಿವಾಸಿಗಳ ಮನೆ ಬೇಸಾಯಗಳಿಗಾಗಿ ಕಾದಿರಿಸಿದರು. ವರ್ಷಕ್ಕೆ ಒಂದು ಡಾಲರು ಗೇಣಿ, 99 ವರ್ಷಗಳ ಗುತ್ತಿಗೆ. ಆದರೆ ಪಡೆಯುವವನ ರಕ್ತದಲ್ಲಿ ಅರ್ಧಕ್ಕೆ ಕಡಮೆಯಿಲ್ಲದೆ ಹವಾಯಿಯ ರಕ್ತವಿರಬೇಕು. ಕುಹಿಯೋ ಕೇಳಿದುದು ಮೂವತ್ತೆರಡನೆಯ ಒಂದು ಪಾಲು. ಕಾಯಿದೆ ಕೊಟ್ಟುದು ಅರ್ಧ. ತಾತನಿಗೆ ಅರ್ಧವಿದ್ದು ಅವನು ಚೀನೀ ಹೆಣ್ಣನ್ನು ಮದುವೆಯಾದರೆ ಮಗನಿಗೆ ಕಾಲು. ಮಗನು ಪೋರ್ಚುಗೀಸರ ಮನೆಯ ಹೆಣ್ಣನ್ನು ತಂದರೆ ಮೊಮ್ಮಗನಿಗೆ ಅರೆಕಾಲು. ಉತ್ತರಾಧಿಕಾರಿಗಳಾದ ಮಕ್ಕಳು ಮೊಮ್ಮಕ್ಕಳಿಗೆ ಕಾಲುಭಾಗವಿದ್ದರೆ ಸಾಕೆಂದು ಆಮೇಲೆ ಸಡಿಲಿಸಿದರೂ ಈ ಮೊಮ್ಮಗನು ತಾತನ ಮನೆಯನ್ನು ಬಿಡಬೇಕಾದೀತು. ಒಲಿದು ಮಾಡಿಕೊಂಡ ಮದುವೆಗೆ ವಂಶವು ತೆರಬೇಕಾದ ದಂಡವಿದು. ಈ ಜನರಲ್ಲಿ 'ಹಾನೈ' ಎಂಬ ಪದ್ಧತಿಯೊಂದಿದೆ: ಹೆತ್ತವರು ಮಗುವನ್ನು ಅಜ್ಜಿಯ ಅಥವಾ ಬಂಧುವಿನ ಮಡಿಲಿಗೆ ಬಹಿರಂಗವಾಗಿಯೇ ಒಪ್ಪಿಸುವರು, ಸಾಕಿದವರ ಮನೆಯೇ ಮಗುವಿನ ಮನೆ. ಸಾಕುವಿಕೆಯಿಂದ ಕುಲವನ್ನು ಕಂಡ ಜನರಿಗೆ ರಕ್ತದ ತೂಕದ ಪ್ರಮಾಣಪತ್ರವನ್ನು ತನ್ನಿರೆನ್ನುವುದು ನಮಗಂತೂ ನ್ಯಾಯವೆಂದು ತೋರದು. ಆ ಭೂಮಿಗಾಗಿ ಕಾದಿರುವವರ ಪಟ್ಟಿಯಲ್ಲಿ 28,000ಕ್ಕೂ ಹೆಚ್ಚು ಹೆಸರುಗಳಿವೆ. ಪಟ್ಟಿಯಲ್ಲಿದ್ದಂತೆಯೇ ಕಣ್ಣು ಮುಚ್ಚಿದವರೂ ಅನೇಕರು.

ಹೊನೊಲುಲುವಿನಲ್ಲಿ ಮನೆಗಳ ಬೆಲೆ ಗಗನಕ್ಕೇರಿದೆ. ಮೂಲನಿವಾಸಿಗಳ ಕುಟುಂಬಗಳು ಒಂದೊಂದಾಗಿ ಸಾಮಾನು ಕಟ್ಟಿ ಹೊರಡುತ್ತಿವೆ. 2020ರ ಗಣತಿಯಲ್ಲಿ ಹವಾಯಿಯೊಳಗಿರುವ ಮೂಲನಿವಾಸಿಗಳಿಗಿಂತ ಅಮೆರಿಕಾದ ಇತರ ಸಂಸ್ಥಾನಗಳಲ್ಲಿರುವವರ ಸಂಖ್ಯೆಯೇ ಹೆಚ್ಚಾಗಿ ಕಂಡಿತು. ಅವರಲ್ಲಿ ಬಹುಮಂದಿ ನೆವಾಡಾದ ಮರುಭೂಮಿಯಲ್ಲಿರುವ ಲಾಸ್ ವೇಗಾಸಿನಲ್ಲಿ ನೆಲೆಸಿರುವರು. ಹವಾಯಿಯಲ್ಲಿ ಮುಖ್ಯ ದ್ವೀಪಗಳು ಎಂಟು. ಕಡಲೇ ಇಲ್ಲದ ಆ ಪಟ್ಟಣವನ್ನು ಅವರು ಒಂಬತ್ತನೆಯ ದ್ವೀಪವೆಂದು ಕರೆಯುವರು.