ಟಕ್ ಟಕ್ ಅನ್ನುವ ಟೈ ರಾಡ್

ವಾಡಿಯಿಂದ ಚಿತ್ತಾಪುರಕ್ಕೆ ಹೋಗುವಾಗ ಗುಂಡಿ ಸಿಕ್ಕಲ್ಲೆಲ್ಲ ನನ್ನ 1999ರ ಮಾರುತಿ 800 ‘ಟಕ್ ಟಕ್’ ಅನ್ನುತ್ತಿತ್ತು. ಸ್ಟೇರಿಂಗ್ ಎರಡು ಬೆರಳಷ್ಟು ತಿರುಗಿದರೂ ಚಕ್ರ ಕದಲದು. ಸಿಮೆಂಟ್ ಲಾರಿಗಳು ಓಡುವ ರಸ್ತೆಯಲ್ಲಿ ಇದನ್ನು ಮುಂದೂಡಬಾರದು.

ಅಂಗಳದ ಶಹಾಬಾದ್ ಫರ್ಸಿ ಬಿರಿಯದಂತೆ ಜ್ಯಾಕಿನಡಿ ದಪ್ಪ ಹಲಗೆ ಇಟ್ಟೆ. ಸ್ಟ್ಯಾಂಡ್ ಕೊಡದೆ ಯಾರೂ ಗಾಡಿಯಡಿ ಕೈ ಹಾಕಬೇಡಿ. ಚಕ್ರವನ್ನು ಎಡಬಲಕ್ಕೆ ಅಲುಗಿಸಿದೆ, ಲಟಪಟ ಅಂತು. ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್‌ನ ರಬ್ಬರ್ ಹರಿದಿತ್ತು. ಗ್ರೀಸಿನ ಜಾಗದಲ್ಲಿ ಬೂದು ಧೂಳಿನ ಗಸಿ. ಒಳಗಿನ ಗುಂಡನ್ನು ಅರೆದು ಸವೆಸಿದ್ದು ಅದೇ.

“ಕಾಕಾ, ಬಿಚ್ಚೋವಾಗ ಸುತ್ತು ಎಣಸ್ರಿ” ಅಂದ, ಸೇಡಂ ಗ್ಯಾರೇಜಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಹುಡುಗ. ಇಡೀ ಕೆಲಸದ ಗುಟ್ಟು ಆ ಮಾತಿನಲ್ಲಿದೆ. ಲಾಕ್ ನಟ್ ಸಡಿಲಿಸಿ, ಸ್ಪ್ಲಿಟ್ ಪಿನ್ ಕಿತ್ತು, ನಟ್ ಬಿಚ್ಚಿ, ಅದು ಕೂರುವ ಸ್ಟೇರಿಂಗ್ ಆರ್ಮಿನ ಪಕ್ಕಕ್ಕೆ ಸುತ್ತಿಗೆಯಿಂದ ಎರಡೇಟು ಕೊಟ್ಟೆ, ಕಳಚಿತು. ಹಳೆಯದು 14 ಸುತ್ತಿನಲ್ಲಿ ಹೊರಬಂತು, ಹೊಸದನ್ನೂ 14 ಸುತ್ತು ಹಾಕಿದೆ. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದೇ ಬೇಕು.

ಸುತ್ತಿನ ಲೆಕ್ಕ ಅಂದಾಜು ಮಾತ್ರ. ಅಲೈನ್‌ಮೆಂಟ್ ತಪ್ಪಿದರೆ ಟಯರ್ ಒಂದೇ ಕಡೆ ಸವೆಯುತ್ತದೆ. ಮರುದಿನ ನಿಧಾನಕ್ಕೆ ಕಲಬುರಗಿಗೆ ಹೋಗಿ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದೆ. ವಾಪಸು ಶಹಾಬಾದ್ ದಾಟಿದ ಮೇಲೆ ಗುಂಡಿ ಬಂತು. ಸದ್ದಿಲ್ಲ.