ವಿನ್ಯಾಸ ಶಿಕ್ಷಣ ಮತ್ತು ವಿದೇಶದಲ್ಲಿ ಒಂದು ಸೆಮಿಸ್ಟರ್

ವಿನ್ಯಾಸ, ಅಂದರೆ ಡಿಸೈನ್ ಕಲಿಯುವುದೆಂದರೆ ಚಂದದ ಚಿತ್ರ ಬಿಡಿಸುವುದಷ್ಟೇ ಅಲ್ಲ. ನಮ್ಮ ತೋಟದ ಅಡಿಕೆ ಹಾಳೆಯನ್ನೇ ನೋಡಿ. ಹಿರಿಯರು ಅದನ್ನು ಮುಟ್ಟಾಳೆ ಮಾಡಿ ತಲೆಗಿಟ್ಟರು. ಯಂತ್ರದಲ್ಲಿ ಒತ್ತಿದಾಗ ಅದೇ ಹಾಳೆ ಮದುವೆ ಊಟದ ತಟ್ಟೆಯಾಯಿತು. ವಸ್ತು ಹಳೆಯದು, ಅರ್ಥ ಹೊಸದು. ಹೀಗೆ ಹೊಸ ಅರ್ಥ ಕೊಡುವುದನ್ನೇ ಇಟಲಿಯ ಪ್ರಾಧ್ಯಾಪಕ ರೊಬೆರ್ತೊ ವೆರ್ಗಾಂತಿ 2009ರ ತಮ್ಮ ಪುಸ್ತಕದಲ್ಲಿ ವಿನ್ಯಾಸ ಪ್ರೇರಿತ ನಾವೀನ್ಯವೆಂದು ವಿವರಿಸಿದರು.

1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪದವಿ ಪ್ರವೇಶ ಪರೀಕ್ಷೆಯನ್ನು ಪಿಯುಸಿಯ ಯಾವ ವಿಭಾಗದವರೂ ಬರೆಯಬಹುದು. ಸಂಸ್ಥೆಗೆ ವಿದೇಶಿ ವಿಶ್ವವಿದ್ಯಾಲಯಗಳೊಂದಿಗೆ ವಿನಿಮಯ ಒಪ್ಪಂದಗಳಿವೆ. ಆಯ್ಕೆಯಾದವರು ಒಂದು ಸೆಮಿಸ್ಟರ್ ಅಲ್ಲಿ ಕಲಿತು ಮರಳುತ್ತಾರೆ. ಜನರ ಬದುಕನ್ನು ಗಮನಿಸಿ, ಮಾದರಿ ತಯಾರಿಸಿ, ಬಳಸಿ ನೋಡಿ ತಿದ್ದುವುದೇ ಇಂಥ ತರಗತಿಗಳ ಪಾಠ; ಸಹಪಾಠಿಗಳು ಹಲವು ದೇಶದವರು.

ಪೋಷಕರು ಗಮನಿಸಬೇಕಾದದ್ದು: ಇಂಥ ವಿನಿಮಯದಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕವನ್ನು ಇಲ್ಲಿನ ಸಂಸ್ಥೆಗೇ ಕಟ್ಟಿದರೆ ಸಾಕು. ವೀಸಾ, ವಿಮಾನ, ವಿಮೆ, ವಸತಿ, ಊಟದ ಖರ್ಚು ಮಾತ್ರ ಮನೆಯವರದ್ದು. ಐರೋಪ್ಯ ಒಕ್ಕೂಟದ ಎರಾಸ್ಮಸ್ ಪ್ಲಸ್ ಯೋಜನೆಯಡಿ ಒಪ್ಪಂದವಿದ್ದರೆ ಪ್ರಯಾಣ ಮತ್ತು ವಾಸದ ವೆಚ್ಚಕ್ಕೆ ನೆರವು ಸಿಗುವುದುಂಟು, ಕಾಲೇಜಿನಲ್ಲಿ ವಿಚಾರಿಸಿ. ಯುರೋಪಿನಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್. ಅವನ್ನು ಇಲ್ಲಿ ಮಾನ್ಯ ಮಾಡುವುದಾಗಿ ಹೊರಡುವ ಮೊದಲೇ ಲಿಖಿತ ಪತ್ರ ಪಡೆಯಿರಿ. ಇಲ್ಲವಾದರೆ ಆರು ತಿಂಗಳ ಓದು ಲೆಕ್ಕಕ್ಕೆ ಬಾರದೆ ಹೋದೀತು.

ದಾನಿಗಳಲ್ಲಿ ಒಂದು ಮಾತು. ವಿದೇಶದ ಪೂರ್ಣ ಪದವಿಗೆ ನೆರವಾಗುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಅರ್ಹತೆಯಿಂದ ಆಯ್ಕೆಯಾದ ಮಗು ವಿಮಾನದ ಟಿಕೆಟಿಗೆ ಹಣವಿಲ್ಲದೆ ಮನೆಯಲ್ಲೇ ಉಳಿಯದಂತೆ ನಾವೆಲ್ಲ ಸೇರಿ ನೋಡಿಕೊಳ್ಳಬಹುದು.